ಯಾವ ನಿಮಿಷದಲ್ಲಿ ಅರ್ಥವಾಗಲಿಲ್ಲ?

ಆನ್‌ಲೈನಿನ ಉಚಿತ ತರಬೇತಿಯೊಂದು ಮುಗಿಯುವ ಹೊತ್ತಿಗೆ ಅದನ್ನು ನಡೆಸಿದವರ ಕೈಯಲ್ಲಿ ಎರಡು ಬಗೆಯ ದಾಖಲೆ ಉಳಿದಿರುತ್ತದೆ. ಕಲಿತವರು ಫೀಡ್‌ಬ್ಯಾಕ್ ಫಾರಂನಲ್ಲಿ ತುಂಬಿಕೊಟ್ಟ ಅನಿಸಿಕೆ ಒಂದು. ಅವರು ಬಾಯಿಬಿಟ್ಟು ಹೇಳದಿದ್ದರೂ ಕಂಪ್ಯೂಟರು ತಾನಾಗಿ ಬರೆದಿಟ್ಟುಕೊಂಡ ಲೆಕ್ಕ ಇನ್ನೊಂದು: ಯಾವ ವಿಡಿಯೊವನ್ನು ಎಷ್ಟು ಮಂದಿ ತೆರೆದರು, ಎಲ್ಲಿ ನಿಲ್ಲಿಸಿದರು, ಯಾವ ಭಾಗವನ್ನು ಹಿಂದೆ ಸರಿಸಿ ಮತ್ತೆ ನೋಡಿದರು, ಯಾವ ಪ್ರಶ್ನೆಯಲ್ಲಿ ಎಡವಿದರು. ಮುಂದಿನ ತಂಡಕ್ಕಾಗಿ ಕೋರ್ಸನ್ನು ತಿದ್ದುವುದೆಂದರೆ ಇವೆರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದುವುದು. ಒಂದನ್ನೇ ನೆಚ್ಚಿದರೆ ಅರ್ಧ ಸಂಗತಿಯಷ್ಟೇ ಗೊತ್ತಾಗುತ್ತದೆ.

ತರಗತಿಯಲ್ಲಿ ಈ ಓದು ಪಾಠದ ಜೊತೆಗೇ ನಡೆಯುತ್ತದೆ. ಹಿಂದಿನ ಬೆಂಚಿನವರ ಮುಖ ನೋಡಿಯೇ ಮೇಷ್ಟ್ರಿಗೆ ಲೆಕ್ಕ ತಲೆಗೆ ಹತ್ತಿಲ್ಲವೆಂದು ತಿಳಿಯುತ್ತದೆ. ಬೋರ್ಡಿನ ಇನ್ನೊಂದು ಮೂಲೆಯಲ್ಲಿ ಅದನ್ನೇ ಬೇರೆ ರೀತಿ ಬಿಡಿಸುತ್ತಾರೆ. ಕ್ಯಾಮೆರಾದ ಮುಂದೆ ಕೂತವರಿಗೆ ಆ ಮುಖಗಳು ಕಾಣುವುದಿಲ್ಲ. ಪಾಠ ಒಮ್ಮೆ ರೆಕಾರ್ಡ್ ಆಯಿತೆಂದರೆ ಅದರೊಳಗಿನ ಕೊರತೆಯೂ ರೆಕಾರ್ಡ್ ಆಗಿ, ಬಂದವರಿಗೆಲ್ಲ ಅದೇ ಜಾಗದಲ್ಲಿ ಅದೇ ಗೊಂದಲ ಹುಟ್ಟಿಸುತ್ತಾ ಹೋಗುತ್ತದೆ. ಯಾರಾದರೂ ಹೇಳಬೇಕು, ಹೇಳಿದ್ದನ್ನು ಯಾರಾದರೂ ಓದಬೇಕು, ಓದಿದವರು ತಿದ್ದಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಗೊಂದಲ ಹಾಗೆಯೇ ಉಳಿಯುತ್ತದೆ.

ಎಲ್ಲರಿಗೂ ತೆರೆದ ಇಂಥ ಕೋರ್ಸುಗಳಿಗೆ ‘ಮೂಕ್’ ಎಂಬ ಹೆಸರು ಬಂದದ್ದು 2008ರಲ್ಲಿ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸೀಮೆನ್ಸ್ ಮತ್ತು ಸ್ಟೀಫನ್ ಡೌನ್ಸ್ ನಡೆಸಿದ ಕೋರ್ಸಿಗೆ ಶುಲ್ಕ ಕಟ್ಟಿ ಸೇರಿದವರು ಸುಮಾರು 25 ಮಂದಿ. ಅಂತರ್ಜಾಲದ ಮೂಲಕ ಉಚಿತವಾಗಿ ಸೇರಿದವರು ಎರಡು ಸಾವಿರಕ್ಕೂ ಹೆಚ್ಚು. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆಯ ಕೋರ್ಸಿಗೆ ಸುಮಾರು 1 ಲಕ್ಷ 60 ಸಾವಿರ ಜನ ಹೆಸರು ಬರೆಸಿದರು. ಮರುವರ್ಷ ಎಂಐಟಿ ಮತ್ತು ಹಾರ್ವರ್ಡ್ ಕೂಡಿ ಕಟ್ಟಿದ ‘ಎಡ್‌ಎಕ್ಸ್’ ಸಂಸ್ಥೆಯ ನೇತೃತ್ವ ವಹಿಸಿದವರು ಮಂಗಳೂರಿನಲ್ಲಿ ಓದಿ ಬೆಳೆದ ಅನಂತ್ ಅಗರ್ವಾಲ್. ಅವರ ತಂಡ ಕಲಿಸಿದ ಸರ್ಕ್ಯೂಟ್ ಮತ್ತು ಎಲೆಕ್ಟ್ರಾನಿಕ್ಸ್ ಪಾಠಕ್ಕೆ ಸುಮಾರು 1 ಲಕ್ಷ 55 ಸಾವಿರ ಜನ ನೋಂದಾಯಿಸಿಕೊಂಡರು. ಕೊನೆಗೆ ಪ್ರಮಾಣಪತ್ರ ಪಡೆದವರು ಏಳು ಸಾವಿರದ ಆಸುಪಾಸು.

ಈ ಅಂತರ ಮುಂದೆಯೂ ತುಂಬಲಿಲ್ಲ. ಹಾರ್ವರ್ಡ್ ಮತ್ತು ಎಂಐಟಿ ಎಡ್‌ಎಕ್ಸ್ ಮೂಲಕ 2012ರಿಂದ 2018ರವರೆಗೆ ನಡೆಸಿದ ಕೋರ್ಸುಗಳ ಲೆಕ್ಕವನ್ನು ಜಸ್ಟಿನ್ ರೈಷ್ ಮತ್ತು ಹೋಸೆ ರುಯಿಪೆರೆಸ್ ವಾಲಿಯೆಂಟೆ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ನೋಂದಾಯಿಸಿಕೊಂಡವರಲ್ಲಿ ನೂರಕ್ಕೆ 52 ಮಂದಿ ಪಾಠದ ಪುಟವನ್ನು ಒಮ್ಮೆಯೂ ತೆರೆದಿರಲಿಲ್ಲ. 2017-18ರಲ್ಲಿ ಕೋರ್ಸ್ ಮುಗಿಸಿದವರು ನೂರಕ್ಕೆ ಮೂವರಿಗಿಂತ ತುಸು ಹೆಚ್ಚು, ಅಷ್ಟೇ.

ಕೊನೆಯ ದಿನ ಕಳಿಸುವ ಫಾರಂ ತಲುಪುವುದು ಈ ಮೂವರಿಗೆ. ಅವರು ಹೇಗೋ ಎಲ್ಲ ತೊಡಕುಗಳನ್ನು ದಾಟಿಕೊಂಡು ಬಂದವರು, ಪಾಠ ಇಷ್ಟವಾಗಿಯೇ ಉಳಿದವರು. ಅವರ ಫಾರಂಗಳಲ್ಲಿ ಮೆಚ್ಚುಗೆ ತುಂಬಿರುವುದು ಸಹಜ. ಎರಡನೇ ವಾರದಲ್ಲಿ ಎದ್ದುಹೋದವರ ಮಾತು ಅಲ್ಲಿ ಇರುವುದೇ ಇಲ್ಲ. ಶುಲ್ಕ ಕಟ್ಟಿದವರಾದರೆ ಫೋನು ಮಾಡಿ ಕೇಳುತ್ತಾರೆ, ಜಗಳವಾಡುತ್ತಾರೆ, ದುಡ್ಡು ವಾಪಸು ಕೊಡಿ ಎನ್ನುತ್ತಾರೆ. ಉಚಿತವಾಗಿ ಬಂದವರು ಸದ್ದಿಲ್ಲದೆ ಹೋಗಿಬಿಡುತ್ತಾರೆ. ಉಚಿತ ಕೋರ್ಸುಗಳನ್ನು ತಿದ್ದುವವರಿಗೆ ಅತ್ಯಂತ ದೊಡ್ಡ ತೊಡಕು ಇದೇ.

ಹಾಗೆಂದು ಬಿಟ್ಟುಹೋದವರೆಲ್ಲ ಬೇಸತ್ತು ಹೋದವರೂ ಅಲ್ಲ. ಒಬ್ಬರು ಒಂದೇ ಸೂತ್ರ ಕಲಿಯಲು ಬಂದಿರುತ್ತಾರೆ, ಕಲಿತು ಹೊರಡುತ್ತಾರೆ. ಇನ್ನೊಬ್ಬರು ಸುಮ್ಮನೆ ಇಣುಕಿ ನೋಡಲು ಬಂದವರು. ಹಾರ್ವರ್ಡಿನ ಒಂಬತ್ತು ಕೋರ್ಸುಗಳನ್ನು ಕುರಿತ ರೈಷ್ ಅವರ 2014ರ ಅಧ್ಯಯನದಲ್ಲಿ, ಮುಗಿಸಲೇಬೇಕೆಂದು ಸೇರಿದವರಲ್ಲಿ ನೂರಕ್ಕೆ 22 ಮಂದಿ ಪ್ರಮಾಣಪತ್ರ ಪಡೆದಿದ್ದರು. ನೋಡಿಹೋಗಲು ಬಂದವರಲ್ಲಿ ನೂರಕ್ಕೆ 6. ಎರಡೂ ಗುಂಪನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಅನಿಸಿಕೆ ಕೇಳುವ ಕೆಲಸ ನೋಂದಣಿಯ ದಿನವೇ ಶುರುವಾಗಬೇಕು. ಏಕೆ ಬಂದಿರಿ, ಈಗಾಗಲೇ ಏನು ಗೊತ್ತು, ಯಾವುದರಲ್ಲಿ ನೋಡುತ್ತೀರಿ, ಮೊಬೈಲೋ ಕಂಪ್ಯೂಟರೋ ಎಂಬ ಮೂರು ಪ್ರಶ್ನೆ ಸಾಕು. ಮುಂದೆ ಬರುವ ಪ್ರತಿ ದೂರಿನ ಅರ್ಥವೂ ಈ ಮೂರು ಉತ್ತರಗಳ ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತದೆ.

ಕೇಳುವ ಸಮಯವೂ ಮುಖ್ಯ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೂಡಿ ನಡೆಸುವ ಎನ್‌ಪಿಟಿಇಎಲ್‌ನ ಆನ್‌ಲೈನ್ ಕೋರ್ಸುಗಳಲ್ಲಿ ಪ್ರತಿ ವಾರದ ಪಾಠಗಳ ಕೊನೆಗೆ ಆ ವಾರದ್ದೇ ಫೀಡ್‌ಬ್ಯಾಕ್ ಫಾರಂ ಇರುತ್ತದೆ. ಮೂರನೇ ವಾರದ ತೊಡಕನ್ನು ಮೂರನೇ ವಾರದಲ್ಲೇ ಕೇಳಿದರೆ ನೆನಪು ಹಸಿಯಾಗಿರುತ್ತದೆ, ಹೊರಡಲಿರುವವರು ಇನ್ನೂ ಹೊರಟಿರುವುದಿಲ್ಲ, ಅದೇ ತಂಡಕ್ಕೆ ಪರಿಹಾರವನ್ನೂ ಕೊಡಬಹುದು. ಕೋರ್ಸ್ ಶುರುವಾಗುವ ಮೊದಲೇ ಯಾರನ್ನೂ ಕೇಳದಿದ್ದರೆ ಏನಾಗಬಹುದೆಂಬುದಕ್ಕೆ 2013ರ ಫೆಬ್ರವರಿಯ ಒಂದು ಪ್ರಸಂಗವಿದೆ. ಆನ್‌ಲೈನ್ ಕೋರ್ಸ್ ನಡೆಸುವುದು ಹೇಗೆಂದು ಕಲಿಸಲು ಅಮೆರಿಕದ ಜಾರ್ಜಿಯಾ ಟೆಕ್ ಒಂದು ಉಚಿತ ಕೋರ್ಸ್ ತೆರೆದಿತ್ತು. ಸುಮಾರು 40 ಸಾವಿರ ಜನ ಸೇರಿದರು. ಗುಂಪುಗಳಾಗಿ ಹಂಚಿಕೊಳ್ಳಲು ಎಲ್ಲರೂ ಒಂದೇ ಗೂಗಲ್ ಶೀಟಿನಲ್ಲಿ ಹೆಸರು ಬರೆಯಬೇಕಿತ್ತು. ಏಕಕಾಲಕ್ಕೆ ಅಷ್ಟು ಜನರನ್ನು ತಾಳುವ ಶಕ್ತಿ ಆ ಶೀಟಿಗೆ ಇರಲಿಲ್ಲ. ದೂರುಗಳ ಸುರಿಮಳೆಯಾಗಿ, ಮೊದಲ ವಾರದಲ್ಲೇ ಕೋರ್ಸನ್ನು ನಿಲ್ಲಿಸಬೇಕಾಯಿತು. ಇಪ್ಪತ್ತು ಮೂವತ್ತು ಜನರ ಒಂದು ಪೂರ್ವಪ್ರಯೋಗದಲ್ಲೇ ಇಂಥ ತೊಡಕಿನ ಸುಳಿವು ಸಿಗುವುದುಂಟು.

ಇನ್ನು ಫಾರಂನ ಒಳಗಿನ ಮಾತು. ಹೆಚ್ಚಿನ ಫಾರಂಗಳಲ್ಲಿ ಕಾಣುವ ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗಿನ ಮೆಟ್ಟಿಲುಗಳು ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲಿಕರ್ಟ್ 1932ರಲ್ಲಿ ರೂಪಿಸಿದ ಮಾಪಕದಿಂದ ಬಂದವು. ಬಳಸಲು ಸುಲಭ, ಹಾಗಾಗಿಯೇ ಮೋಸಹೋಗುವುದೂ ಸುಲಭ. ಐದಕ್ಕೆ ಮೂರು ಸರಾಸರಿ ಬಂತೆಂದರೆ ಎಲ್ಲರಿಗೂ ಕೋರ್ಸ್ ಸಾಧಾರಣವೆನಿಸಿರಬಹುದು. ಅಥವಾ ಅರ್ಧ ಜನ ಐದು ಕೊಟ್ಟು ಇನ್ನರ್ಧ ಜನ ಒಂದು ಕೊಟ್ಟಿರಬಹುದು. ಮೊದಲನೆಯದು ಸಪ್ಪೆ ಕೋರ್ಸು. ಎರಡನೆಯದು ಒಂದು ಗುಂಪಿಗೆ ಅಮೃತವಾಗಿ ಇನ್ನೊಂದು ಗುಂಪಿಗೆ ಗಂಟಲಲ್ಲಿ ಸಿಕ್ಕಿಕೊಂಡ ಕೋರ್ಸು. ಎರಡಕ್ಕೂ ಮಾಡಬೇಕಾದ ಚಿಕಿತ್ಸೆ ಬೇರೆ ಬೇರೆ. ಸರಾಸರಿಗಿಂತ ಮೊದಲು ಅಂಕಗಳು ಹೇಗೆ ಹಂಚಿಹೋಗಿವೆ ಎಂಬುದನ್ನು ನೋಡಬೇಕೆನ್ನುವುದು ಅದಕ್ಕೇ.

ನಮ್ಮ ಕಡೆ ಇದರ ಜೊತೆಗೆ ಇನ್ನೂ ಒಂದು ಸಂಗತಿ ಸೇರಿಕೊಳ್ಳುತ್ತದೆ. ಕಲಿಸಿದವರಿಗೆ ಕಡಿಮೆ ಅಂಕ ಕೊಡಲು ಕೈ ಬರುವುದಿಲ್ಲ. ಅದೂ ಪುಕ್ಕಟೆಯಾಗಿ ಕಲಿಸಿದವರ ತಪ್ಪು ಎತ್ತಿ ಆಡುವುದು ಸರಿಯಲ್ಲವೆಂಬ ದಾಕ್ಷಿಣ್ಯ ಹಲವರಿಗೆ. 2020ರ ಲಾಕ್‌ಡೌನ್ ಕಾಲದ ವೆಬಿನಾರುಗಳನ್ನು ಕಂಡವರಿಗೆ ಇನ್ನೊಂದು ಪರಿಪಾಠವೂ ನೆನಪಿರುತ್ತದೆ: ಫಾರಂ ತುಂಬಿದರೆ ಮಾತ್ರ ಇ-ಸರ್ಟಿಫಿಕೇಟು. ಆಗ ಉತ್ತರಿಸುವವರ ಕಣ್ಣು ಸರ್ಟಿಫಿಕೇಟಿನ ಮೇಲಿರುತ್ತದೆ, ಬೆರಳು ಮೇಲಿನಿಂದ ಕೆಳಗಿನವರೆಗೆ ಒಂದೇ ಸಾಲಿನಲ್ಲಿ ಐದನ್ನು ಒತ್ತುತ್ತಾ ಹೋಗುತ್ತದೆ. ಹೀಗೆ ಬಂದ ಸಾವಿರ ಫಾರಂಗಳಿಗಿಂತ ಮನಸ್ಸಿಟ್ಟು ಬರೆದ ಇಪ್ಪತ್ತು ಫಾರಂಗಳು ಹೆಚ್ಚು ಬೆಲೆಯವು. ಪ್ರಮಾಣಪತ್ರಕ್ಕೂ ಅನಿಸಿಕೆಗೂ ಗಂಟು ಹಾಕಬಾರದು, ಹೆಸರು ಹೇಳದೆ ಬರೆಯಲು ಅವಕಾಶವಿರಬೇಕು.

ಭಾಷೆಯದು ಇನ್ನೂ ದೊಡ್ಡ ಮಾತು. ಪಾಠ ಕನ್ನಡದಲ್ಲಿದ್ದು ಫಾರಂ ಮಾತ್ರ ಇಂಗ್ಲಿಷಿನಲ್ಲಿದ್ದರೆ ಬರುವ ಉತ್ತರ ಬಹುಪಾಲು ‘ಗುಡ್’, ‘ನೈಸ್’, ‘ಸೂಪರ್’ ಇಷ್ಟರಲ್ಲೇ ನಿಲ್ಲುತ್ತದೆ. ಅವರಿಗೆ ಹೇಳಲು ಏನೂ ಇರಲಿಲ್ಲವೆಂದಲ್ಲ; ಆ ಭಾಷೆಯಲ್ಲಿ ಅಷ್ಟನ್ನು ಮಾತ್ರ ಹೇಳಲು ಬಂತು. ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ, ಬೇಕಿದ್ದವರು ವಾಟ್ಸ್‌ಆ್ಯಪಿನಲ್ಲಿ ಧ್ವನಿ ಕಳಿಸಬಹುದೆಂದರೆ ಮಾತು ಹರಿದುಬರುತ್ತದೆ. ‘ಕೋರ್ಸ್ ಹೇಗಿತ್ತು?’ ಎಂದು ಕೇಳುವ ಬದಲು ‘ಯಾವ ಪಾಠದಲ್ಲಿ ವಿಡಿಯೊ ನಿಲ್ಲಿಸಬೇಕಾಯಿತು? ಏಕೆ?’ ಎಂದು ಕೇಳಿದರೆ ಉತ್ತರ ಒಂದು ಜಾಗವನ್ನು ಬೆರಳಿಟ್ಟು ತೋರಿಸುತ್ತದೆ.

ಅನಿಸಿಕೆಗಳು ಬಂದ ಮೇಲೆ ಓದುವ ಕೆಲಸ. ಸಣ್ಣ ಅಂಗಡಿಯವರಿಗೆ ಸ್ಪ್ರೆಡ್‌ಶೀಟಿನಲ್ಲಿ ಲೆಕ್ಕ ಇಡುವುದನ್ನು ಕಲಿಸುವ ಒಂದು ಉಚಿತ ಕೋರ್ಸ್ ಇದೆಯೆಂದು ಇಟ್ಟುಕೊಳ್ಳೋಣ. ಬಂದ ಮಾತುಗಳು ಹೀಗಿರುತ್ತವೆ: ‘ಮೂರನೇ ಪಾಠ ತುಂಬಾ ಫಾಸ್ಟ್ ಸರ್.’ ‘ಎಲ್ಲಾ ಗೊತ್ತಿದ್ದದ್ದೇ, ಸುಮ್ನೆ ಎಳೆದಿದೀರಿ.’ ‘ಅಕ್ಷರ ಕಾಣಲ್ಲ ಮೇಡಂ.’ ‘ನೀವು ಹೇಳಿದ್ದು ನಮ್ಮ ಮೊಬೈಲಲ್ಲಿ ಬರ್ತಾನೇ ಇಲ್ಲ.’ ‘ತುಂಬಾ ಉಪಯೋಗ ಆಯ್ತು, ಧನ್ಯವಾದ.’ ಮೊದಲ ಸಲ ಎಲ್ಲವನ್ನೂ ಯಾವ ಗುರುತೂ ಹಾಕದೆ ಸುಮ್ಮನೆ ಓದಬೇಕು. ಎರಡನೇ ಸಲ ಪ್ರತಿಯೊಂದಕ್ಕೂ ವೇಗ, ಭಾಷೆ, ಪರದೆ, ಪ್ರಶ್ನೆಪತ್ರಿಕೆ, ಲಾಗಿನ್ ಎಂಬಂಥ ಚೀಟಿ ಅಂಟಿಸಬೇಕು. ಇಬ್ಬರು ಬೇರೆ ಬೇರೆ ಕೂತು ಚೀಟಿ ಅಂಟಿಸಿ ಆಮೇಲೆ ಹೋಲಿಸಿದರೆ ಒಬ್ಬರ ಪೂರ್ವಗ್ರಹ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಪಾಠ ಮಾಡಿದವರೇ ಒಂಟಿಯಾಗಿ ಓದುವುದು ಒಳ್ಳೆಯದಲ್ಲ. ನೂರು ಹೊಗಳಿಕೆಯ ನಡುವೆ ಒಂದು ಕಟು ಮಾತು ಅವರ ನಿದ್ದೆ ಕೆಡಿಸಬಹುದು, ಇಲ್ಲವೇ ಹೊಗಳಿಕೆಯ ಗದ್ದಲದಲ್ಲಿ ನ್ಯಾಯವಾದ ದೂರು ಮುಚ್ಚಿಹೋಗಬಹುದು. ಸಾವಿರಾರು ಅನಿಸಿಕೆಗಳನ್ನು ಕ್ಷಣದಲ್ಲಿ ಸಾರಾಂಶ ಮಾಡಿಕೊಡುವ ತಂತ್ರಾಂಶಗಳು ಈಗ ಇವೆ. ಆದರೂ ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿದ ಊರಿನ ಕನ್ನಡವನ್ನು ಒಬ್ಬ ಮನುಷ್ಯ ಕೂತು ಓದಲೇಬೇಕು.

ಈಗ ಆ ‘ಫಾಸ್ಟ್’ ಎಂಬ ದೂರನ್ನು ಹತ್ತಿರದಿಂದ ನೋಡಬಹುದು. ಮೇಲುನೋಟಕ್ಕೆ ಕಲಿಸುವವರು ವೇಗವಾಗಿ ಮಾತಾಡಿದ್ದಾರೆ, ನಿಧಾನಿಸಿದರೆ ಮುಗಿಯಿತು ಎನ್ನಿಸುತ್ತದೆ. ವಿಡಿಯೊದ ಲೆಕ್ಕ ತೆಗೆದರೆ ಬೇರೆಯೇ ಕಾಣುತ್ತದೆ. ಮೂರನೇ ಪಾಠದ 4ನೇ ನಿಮಿಷದ 10ನೇ ಸೆಕೆಂಡಿಗೆ ಬಹಳ ಜನ ಎರಡು ಮೂರು ಸಲ ಹಿಂದೆ ಹೋಗಿದ್ದಾರೆ. ಅದಾದ ಮೇಲೆ ನೋಡುವವರ ಸಂಖ್ಯೆ ಒಮ್ಮೆಲೇ ಕುಸಿದಿದೆ. ಆ ಜಾಗದಲ್ಲಿ ಏನಿದೆ? ‘ಇಲ್ಲಿ ರೈಟ್ ಕ್ಲಿಕ್ ಮಾಡಿ’ ಎಂಬ ಒಂದು ವಾಕ್ಯ. ಅಂಗಡಿಯ ಗಲ್ಲಾದ ಮುಂದೆ ಕೂತು ಮೊಬೈಲಿನಲ್ಲಿ ಕಲಿಯುವವರ ಬಳಿ ಮೌಸ್ ಇಲ್ಲ, ರೈಟ್ ಕ್ಲಿಕ್ಕೂ ಇಲ್ಲ. ಅವರು ಬೆರಳನ್ನು ಒತ್ತಿ ಹಿಡಿಯಬೇಕಿತ್ತು, ಅದನ್ನು ಯಾರೂ ಹೇಳಲಿಲ್ಲ. ಕಣ್ತಪ್ಪಿತೇನೋ ಎಂದು ಹಿಂದೆ ಹೋದರು, ಮತ್ತೆ ಹೋದರು, ಕೊನೆಗೆ ‘ಫಾಸ್ಟ್’ ಎಂದು ಬರೆದರು ಅಥವಾ ಏನೂ ಬರೆಯದೆ ಅಂಗಡಿ ಕೆಲಸಕ್ಕೆ ಎದ್ದರು. ‘ಮೊಬೈಲಲ್ಲಿ ಬರ್ತಾನೇ ಇಲ್ಲ’ ಎಂದವರ ದೂರೂ ಇದೇ. ಬೇಕಿದ್ದದ್ದು ಇಪ್ಪತ್ತು ಸೆಕೆಂಡಿನ ಒಂದು ಸೇರ್ಪಡೆ. ಇಡೀ ಪಾಠವನ್ನು ನಿಧಾನವಾಗಿ ಮತ್ತೆ ರೆಕಾರ್ಡ್ ಮಾಡಿದ್ದರೆ ಶ್ರಮವೂ ವ್ಯರ್ಥ, ತೊಡಕೂ ಹಾಗೆಯೇ ಉಳಿಯುತ್ತಿತ್ತು.

ಕಲಿಯುವವರು ತಮ್ಮ ನೋವನ್ನು ಸರಿಯಾಗಿಯೇ ಹೇಳುತ್ತಾರೆ. ಅದರ ಕಾರಣವನ್ನು ಹುಡುಕುವುದು ಕೋರ್ಸ್ ನಡೆಸುವವರ ಹೊಣೆ.

ಪರೀಕ್ಷೆಯ ಉತ್ತರಗಳೂ ಒಂದು ಬಗೆಯ ಅನಿಸಿಕೆಯೇ. ನಾಲ್ಕು ಆಯ್ಕೆಯ ಪ್ರಶ್ನೆಯೊಂದಕ್ಕೆ ಹತ್ತರಲ್ಲಿ ಏಳು ಮಂದಿ ಒಂದೇ ತಪ್ಪು ಉತ್ತರವನ್ನು ಆರಿಸಿದ್ದರೆ ಅವರೆಲ್ಲ ದಡ್ಡರೆಂದು ಅರ್ಥವಲ್ಲ. ಪಾಠ ಆ ತಪ್ಪು ಕಲ್ಪನೆಯನ್ನು ಬಿತ್ತಿರಬೇಕು ಅಥವಾ ಪ್ರಶ್ನೆಯ ಮಾತೇ ತೊಡಕಾಗಿರಬೇಕು. ಒಟ್ಟಾರೆ ಚೆನ್ನಾಗಿ ಬರೆದವರೂ ಕಡಿಮೆ ಅಂಕದವರೂ ಒಂದು ಪ್ರಶ್ನೆಯಲ್ಲಿ ಸಮಸಮನಾಗಿ ಎಡವಿದ್ದರೆ ಮೊದಲು ಪ್ರಶ್ನೆಯನ್ನೇ ಅನುಮಾನಿಸಬೇಕು. ಕೆಲವೊಮ್ಮೆ ಉತ್ತರದ ಕೀಲಿಯೇ ತಪ್ಪಾಗಿರುತ್ತದೆ.

ವಿಡಿಯೊ ಹೇಗಿರಬೇಕೆಂಬ ಬಗ್ಗೆಯೂ ಇಂಥ ಲೆಕ್ಕದಿಂದಲೇ ಬಹಳಷ್ಟು ತಿಳಿದಿದೆ. ಫಿಲಿಪ್ ಗುವೊ ಮತ್ತು ಸಂಗಡಿಗರು ಎಡ್‌ಎಕ್ಸ್‌ನ ನಾಲ್ಕು ಕೋರ್ಸುಗಳಲ್ಲಿ ಜನ ವಿಡಿಯೊ ನೋಡಿದ 69 ಲಕ್ಷ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದರಲ್ಲಿ ಹೆಸರಾದದ್ದು. ವಿಡಿಯೊ ಎಷ್ಟೇ ಉದ್ದವಿರಲಿ, ಜನರ ಗಮನ ಸಾಮಾನ್ಯವಾಗಿ ಆರು ನಿಮಿಷದಾಚೆ ನಿಲ್ಲಲಿಲ್ಲ. ತರಗತಿಯ ಉಪನ್ಯಾಸವನ್ನು ಹಾಗೆಯೇ ಚಿತ್ರೀಕರಿಸಿ ತುಂಡು ಮಾಡಿ ಹಾಕಿದವು ಸೋತವು, ಆನ್‌ಲೈನಿಗೆಂದೇ ಯೋಚಿಸಿ ಮಾಡಿದವು ಗೆದ್ದವು. ತುಸು ವೇಗವಾಗಿ, ಹುರುಪಿನಿಂದ ಮಾತಾಡಿದವರ ಪಾಠವನ್ನು ಜನ ಹೆಚ್ಚು ಹೊತ್ತು ನೋಡಿದ್ದರು. ಫಾರಂನಲ್ಲಿ ‘ಫಾಸ್ಟ್’ ಎಂದು ಕಂಡ ಕೂಡಲೇ ಮಾತಿನ ವೇಗ ತಗ್ಗಿಸಲು ಹೊರಡುವವರು ಇದನ್ನೂ ನೆನಪಿಡಬೇಕು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಬೇರೆ ಇದೆ. ಇಷ್ಟವಾದದ್ದೆಲ್ಲ ಕಲಿತದ್ದೇ? ಹಾರ್ವರ್ಡಿನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಂದು ಗುಂಪು ಸೊಗಸಾದ ಉಪನ್ಯಾಸ ಕೇಳಿತು, ಇನ್ನೊಂದು ಗುಂಪು ತಾವೇ ಲೆಕ್ಕ ಬಿಡಿಸುತ್ತಾ ಒದ್ದಾಡಿ ಕಲಿಯಿತು. ಒದ್ದಾಡಿದವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು. ಆದರೆ ತಾವು ಕಲಿತದ್ದು ಕಡಿಮೆ ಎಂದೇ ಅವರಿಗೆ ಅನ್ನಿಸಿತ್ತು. ವಿದ್ಯಾರ್ಥಿಗಳು ಅಧ್ಯಾಪಕರಿಗೆ ಕೊಡುವ ಅಂಕಗಳ ಮೇಲಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಬಾಬ್ ಉಟ್ಲ್ ಮತ್ತು ಸಂಗಡಿಗರು, ಆ ಅಂಕಗಳಿಗೂ ವಿದ್ಯಾರ್ಥಿಗಳ ಕಲಿಕೆಗೂ ಸಂಬಂಧ ಕಾಣಲಿಲ್ಲವೆಂದು 2017ರಲ್ಲಿ ಬರೆದರು. ತರಬೇತಿಯ ಮೌಲ್ಯಮಾಪನದಲ್ಲಿ ಇಂದಿಗೂ ಬಳಕೆಯಲ್ಲಿರುವ ನಾಲ್ಕು ಮೆಟ್ಟಿಲುಗಳನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಬರೆದಿಟ್ಟಿದ್ದರು: ಮೆಚ್ಚಿದರೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಅದರಿಂದ ಫಲ ಸಿಕ್ಕಿತೇ. ಫೀಡ್‌ಬ್ಯಾಕ್ ಫಾರಂ ಮುಟ್ಟುವುದು ಮೊದಲ ಮೆಟ್ಟಿಲನ್ನು ಮಾತ್ರ. ಆದ್ದರಿಂದ ‘ಅಭ್ಯಾಸದ ಲೆಕ್ಕ ಕಷ್ಟ, ತೆಗೆದುಬಿಡಿ’ ಎಂಬ ಕೋರಿಕೆ ಬಂದಾಗ ಕೂಡಲೇ ತಲೆಯಾಡಿಸಬಾರದು. ಕಷ್ಟ ಲೆಕ್ಕದ್ದೇ ಆಗಿದ್ದರೆ ಉಳಿಸಿಕೊಳ್ಳಬೇಕು. ಸೂಚನೆ ಅಸ್ಪಷ್ಟವಾಗಿದ್ದರಿಂದ ಹುಟ್ಟಿದ ಕಷ್ಟವಾದರೆ ಸೂಚನೆಯನ್ನು ತಿದ್ದಬೇಕು. ಮೂರು ತಿಂಗಳ ನಂತರ ಹತ್ತು ಜನರಿಗೆ ಫೋನು ಮಾಡಿ, ‘ಕಲಿತದ್ದನ್ನು ಅಂಗಡಿಯಲ್ಲಿ ಬಳಸುತ್ತಿದ್ದೀರಾ?’ ಎಂದು ಕೇಳುವುದು ಸಣ್ಣ ತಂಡಕ್ಕೂ ಸಾಧ್ಯವಿರುವ ಕೆಲಸ.

ಎಲ್ಲ ತಿದ್ದುಪಡಿಗಳನ್ನೂ ಒಂದೇ ಸಲ ಮಾಡಬಾರದು. ಹತ್ತು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಒಳಿತಾಯಿತೆಂದು ತಿಳಿಯುವುದಿಲ್ಲ. ಹಾರ್ವರ್ಡ್, ಎಂಐಟಿ, ಸ್ಟ್ಯಾನ್‌ಫರ್ಡ್‌ಗಳ ಸುಮಾರು 250 ಕೋರ್ಸುಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗ ಇನ್ನೊಂದು ಎಚ್ಚರವನ್ನು ಹೇಳುತ್ತದೆ. ಸಣ್ಣ ಪ್ರಯೋಗಗಳಲ್ಲಿ ಭರವಸೆ ಹುಟ್ಟಿಸಿದ್ದ ಉಪಾಯಗಳು ಅಷ್ಟು ದೊಡ್ಡ ಪ್ರಮಾಣದಲ್ಲಿ ಕೋರ್ಸ್ ಮುಗಿಸುವವರ ಸಂಖ್ಯೆಯನ್ನು ಹೆಚ್ಚಿಸಲಿಲ್ಲ. ಕಲಿಕೆಗೆ ಮೊದಲೇ ವೇಳಾಪಟ್ಟಿ ಬರೆಸಿದ್ದರಿಂದ ಆರಂಭದ ವಾರಗಳಲ್ಲಿ ಹುರುಪು ಹೆಚ್ಚಿತು, ಆಮೇಲೆ ಇಳಿಯಿತು.

ಅನಿಸಿಕೆಯನ್ನು ಪಾಠದ ಹೆಣಿಗೆಯೊಳಗೇ ಸೇರಿಸಿಕೊಂಡ ಮಾದರಿಯೊಂದು ನಮ್ಮಲ್ಲೇ ಇದೆ. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಮುಕ್ತ ತಂತ್ರಾಂಶಗಳನ್ನು ಹತ್ತು ನಿಮಿಷದ ಆಸುಪಾಸಿನ ಪಾಠಗಳಲ್ಲಿ ಉಚಿತವಾಗಿ ಕಲಿಸುತ್ತದೆ. ಪಾಠದ ಧ್ವನಿ ಕನ್ನಡವೂ ಸೇರಿ ಭಾರತದ ಹಲವು ಭಾಷೆಗಳಲ್ಲಿ ಸಿಗುತ್ತದೆ. ಅಲ್ಲಿ ರೆಕಾರ್ಡಿಂಗಿಗೆ ಮೊದಲೇ ಪಾಠದ ಬರಹವನ್ನು ವಿಷಯ ಗೊತ್ತಿಲ್ಲದ ಒಬ್ಬರ ಕೈಗೆ ಕೊಡುತ್ತಾರೆ. ಅವರು ಬರೆದಿದ್ದಂತೆಯೇ ಒಂದೊಂದೇ ಹೆಜ್ಜೆ ಮಾಡುತ್ತಾ ಹೋಗುತ್ತಾರೆ; ಎಲ್ಲಿ ಸಿಕ್ಕಿಕೊಂಡರೋ ಅಲ್ಲಿ ಬರಹವನ್ನು ತಿದ್ದಲಾಗುತ್ತದೆ. ಪಾಠ ಹೊರಬಂದ ಮೇಲೆ ಪ್ರಶ್ನೆ ಕೇಳುವವರು ಯಾವ ಪಾಠ ಎಂಬುದರ ಜೊತೆಗೆ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು ಎಂದೂ ಗುರುತಿಸಬಹುದು. ಉತ್ತರಿಸುವವರು ನೇರವಾಗಿ ಆ ಜಾಗವನ್ನೇ ತೆರೆದು ನೋಡುತ್ತಾರೆ. ಸಣ್ಣ ಅನುಕೂಲವಾದರೂ ಬಹಳ ದೊಡ್ಡ ಕೆಲಸ ಮಾಡುವಂಥದ್ದು.

ಕೊನೆಯ ಹಂತವೇ ಹೆಚ್ಚಾಗಿ ತಪ್ಪಿಹೋಗುವುದು. ತಿದ್ದಿದ ಮೇಲೆ ಅದನ್ನು ಹೇಳಿದವರಿಗೆ ತಿಳಿಸಬೇಕು: ‘ಮೂರನೇ ಪಾಠದಲ್ಲಿ ಮೊಬೈಲಿನವರಿಗೆ ತೊಡಕಾಗಿತ್ತೆಂದು ಬರೆದಿದ್ದಿರಿ, ಸರಿಪಡಿಸಿದ್ದೇವೆ.’ ಒಪ್ಪದ ಸಲಹೆಗಳಿಗೂ ಏಕೆ ಒಪ್ಪಲಿಲ್ಲವೆಂದು ಎರಡು ಮಾತು ಬರೆಯಬೇಕು. ಬರೆದದ್ದು ಎಲ್ಲಿಗೆ ಹೋಯಿತೆಂದು ತಿಳಿಯದ ಜನ ಎರಡನೇ ಸಲ ಬರೆಯುವುದಿಲ್ಲ. ನೋಡಿದ ನಿಮಿಷ, ಬರೆದ ಉತ್ತರ, ಕೊಟ್ಟ ಫೋನ್ ನಂಬರು ಇವೆಲ್ಲ ಕಲಿಯುವವರ ಸ್ವತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಪಡೆದು, ಹೇಳಿದ ಉದ್ದೇಶಕ್ಕಷ್ಟೇ ಬಳಸಬೇಕೆಂದು ವಿಧಿಸುತ್ತದೆ.

ಉಚಿತ ಕೋರ್ಸೊಂದಕ್ಕೆ ಸೇರಿರುವವರಲ್ಲಿ ಒಂದು ವಿನಂತಿ. ಮುಂದಿನ ಸಲ ಫಾರಂ ಬಂದಾಗ, ಅರ್ಧಕ್ಕೇ ಬಿಟ್ಟಿದ್ದರೂ ಸರಿ, ‘ಚೆನ್ನಾಗಿದೆ’ ಎಂದಷ್ಟೇ ಬರೆದು ಮುಗಿಸಬೇಡಿ. ಯಾವ ಪಾಠದ ಎಷ್ಟನೇ ನಿಮಿಷದಲ್ಲಿ ಅರ್ಥವಾಗಲಿಲ್ಲ, ಆಗ ಕೈಯಲ್ಲಿ ಯಾವ ಫೋನಿತ್ತು ಎಂದು ನಿಮ್ಮದೇ ಕನ್ನಡದಲ್ಲಿ ಒಂದು ಸಾಲು ಬರೆಯಿರಿ. ನಿಮ್ಮ ನಂತರ ಆ ಪಾಠಕ್ಕೆ ಬರುವವರು ಅಲ್ಲಿ ಎಡವುವುದು ತಪ್ಪುತ್ತದೆ.